ಎರಡು ಗುಣ, ಒಂದು ‘ಇದ್ದಿದ್ದರೆ’

ಈ ಊರಿನ ಛಾಯಾಗ್ರಹಣ ಕಲೆಯನ್ನು ಉದ್ಧಾರ ಮಾಡಿಯೇ ತೀರುತ್ತೇನೆ ಎಂದು ನಾನು ಒಂದು ಶನಿವಾರ ಬೆಳಿಗ್ಗೆ, ಗಡ್ಡಕ್ಕೆ ಸೋಪು ಹಚ್ಚಿಕೊಂಡು, ಕನ್ನಡಿಯ ಮುಂದೆ ಘೋಷಣೆ ಮಾಡಿದೆ. ಕೇಳಿಸಿಕೊಂಡದ್ದು ಕನ್ನಡಿ ಮಾತ್ರ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನನ್ನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಆಸ್ಪತ್ರೆಯವರು ಬೇರೆ ಊರಿನಲ್ಲಿ ಶಾಖೆ ತೆರೆದು, ‘ಒಂದು ವರ್ಷ ಹೋಗಿ ಬನ್ನಿ’ ಎಂದು ಅವಳನ್ನು ಕಳಿಸಿದ್ದರು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಶನಿವಾರ ಸಂಜೆ ಬರುತ್ತಾಳೆ, ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಾಳೆ. ಹಾಗಾಗಿ ನಮ್ಮ ಸಂಸಾರ ಅಂತ ಉಳಿದದ್ದು ಭಾನುವಾರ ಒಂದೇ. ನಮ್ಮ ಫೋಟೋ ಕ್ಲಬ್ಬು ಸೇರುವುದೂ ಭಾನುವಾರವೇ. ಬೆಳಿಗ್ಗೆ ಎಂಟಕ್ಕೆ ಹೋದರೆ ಚರ್ಚೆ, ತಿರುಗಾಟ, ಮತ್ತೆ ಚರ್ಚೆ ಎಲ್ಲ ಮುಗಿಸಿ ಮನೆ ಸೇರುವಾಗ ಮೂರು ದಾಟಿರುತ್ತದೆ. ಈ ಎರಡು ಭಾನುವಾರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಎರಡು ತಿಂಗಳಾದರೂ ಬಂದಿರಲಿಲ್ಲ.

ಕ್ಲಬ್ಬು ಇರುವುದು ಒಂದು ಫ್ರೇಮ್ ಅಂಗಡಿಯ ಮಹಡಿಯಲ್ಲಿ. ಅಂಗಡಿ ಯಜಮಾನರೇ ಅಧ್ಯಕ್ಷರು. ಒಂಬತ್ತು ಜನ ಸದಸ್ಯರು, ಹತ್ತು ಕುರ್ಚಿ. ಮೊದಲು ಅಲ್ಲಿ ಯಾರ ಫೋಟೋಗೆ ಯಾರು ಏನು ಬೇಕಾದರೂ ಹೇಳಬಹುದಿತ್ತು. ಹಲ್ಲಿನ ಡಾಕ್ಟರೊಬ್ಬರಿದ್ದಾರೆ, ಅವರು ಅರಿವಳಿಕೆ ಕೊಡುವುದು ಹಲ್ಲಿಗೆ ಮಾತ್ರ. ಟೈಲರಮ್ಮ ಒಮ್ಮೆ ತಮ್ಮ ಮೊಮ್ಮಗುವಿನ ಫೋಟೋ ತಂದಾಗ ‘ಇದು ಮಗುವೋ ದಿಂಬೋ?’ ಎಂದುಬಿಟ್ಟರು ಡಾಕ್ಟರು. ಟೈಲರಮ್ಮ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿದವರು ಮೂರು ತಿಂಗಳು ಬರಲಿಲ್ಲ. ಅಧ್ಯಕ್ಷರು ಅವರ ಮನೆಗೇ ಹೋಗಿ ಕರೆತಂದರು. ಅಂದೇ ನಿಯಮ ಬರೆದು, ಅದಕ್ಕೂ ಒಂದು ಫ್ರೇಮ್ ಹಾಕಿಸಿ, ಗೋಡೆಗೆ ಹೊಡೆದರು.

ನಿಯಮ ಇಷ್ಟೆ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಫೋಟೋ ಬಿದ್ದಾಗ ತೆಗೆದವರ ಹೆಸರು ಹೇಳುವಂತಿಲ್ಲ. ಮಾತಾಡುವವರು ಮೊದಲು ಎರಡು ಗುಣ ಹೇಳಬೇಕು. ಆಮೇಲೆ ಒಂದೇ ಒಂದು ಕೊರತೆ, ಅದೂ ‘ಇದ್ದಿದ್ದರೆ’ ಎಂದು ಮುಗಿಯಬೇಕು. ಎಲ್ಲ ಆದ ಮೇಲೆ ತೆಗೆದವರು ಎದ್ದು ನಿಂತು ‘ಆಯ್ತು’ ಎನ್ನಬೇಕು. ವಾದ ಇಲ್ಲ, ವಿವರಣೆ ಇಲ್ಲ, ಕಣ್ಣೀರಂತೂ ಇಲ್ಲವೇ ಇಲ್ಲ.

ನಾನು ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವವನು. ಒಂದು ಗೆರೆ ಓರೆಯಾದರೆ ನನಗೆ ಅನ್ನ ಸೇರುವುದಿಲ್ಲ. ಇನ್ನೊಬ್ಬರ ಫೋಟೋದಲ್ಲಿ ಓರೆ ಹುಡುಕುವುದಕ್ಕೆ ನನ್ನಷ್ಟು ತಯಾರಾದ ಮನುಷ್ಯ ಆ ಮಹಡಿಯಲ್ಲಿ ಬೇರೆ ಇರಲಿಲ್ಲ. ನೋಡನೋಡುತ್ತಿದ್ದಂತೆ ‘ಇದ್ದಿದ್ದರೆ’ ವಿದ್ಯೆಯಲ್ಲಿ ನಾನು ಪಾರಂಗತನಾದೆ. ಆ ವಿದ್ಯೆಯನ್ನು ಮನೆಗೂ ತಂದೆ.

“ಟೀ ಬಣ್ಣ ಚೆನ್ನಾಗಿದೆ, ಬಿಸಿ ಹದವಾಗಿದೆ. ಇನ್ನೊಂದು ಚೂರು ಸಕ್ಕರೆ ಇದ್ದಿದ್ದರೆ…” ಎಂದೆ ಒಂದು ಭಾನುವಾರ, ಚಪ್ಪಲಿ ಹಾಕಿಕೊಳ್ಳುತ್ತಾ.

“ಕೂತು ಕುಡಿಯೋಕೆ ನೀವು ಇದ್ದಿದ್ದರೆ…” ಎಂದಳು ಹೆಂಡತಿ.

“ನೋಡು, ಎರಡು ಗುಣ ಹೇಳೋದನ್ನ ಮರೆತೆ. ನಿಯಮ ಗೊತ್ತಿಲ್ಲ ನಿನಗೆ,” ಎಂದು ತಿದ್ದಿ ನಾನು ಕ್ಲಬ್ಬಿಗೆ ಹೊರಟೆ. ಇದನ್ನು ಬರೆಯುವಾಗ ಈಗ ನನಗೆ ನಾಚಿಕೆಯಾಗುತ್ತಿದೆ. ಆಗ ಆಗಿರಲಿಲ್ಲ.

ನನ್ನ ಘೋಷಣೆಯ ಮರುದಿನ ಅವಳು, “ಇವತ್ತು ನಾನೂ ಬರ್ಲಾ ನಿಮ್ಮ ಕ್ಲಬ್ಬಿಗೆ?” ಎಂದಳು. ನನ್ನ ಎದೆ ಎರಡಂಗುಲ ಉಬ್ಬಿತು. ಗಂಡನ ಕೀರ್ತಿಯನ್ನು ಕಣ್ಣಾರೆ ಕಾಣುವ ಆಸೆ ಪಾಪ ಯಾವ ಹೆಂಡತಿಗಿರುವುದಿಲ್ಲ? ಕರೆದುಕೊಂಡು ಹೋಗಿ ಹಿಂದಿನ ಸಾಲಿನ ಹತ್ತನೇ ಕುರ್ಚಿಯಲ್ಲಿ ಕೂರಿಸಿ, ನಾನು ಮುಂದೆ ಹೋಗಿ ಕೂತೆ. ಬರುವಾಗಲೇ ಅವಳು ಅಧ್ಯಕ್ಷರ ಕೈಗೆ ಏನೋ ಕೊಟ್ಟಿದ್ದಳು, ನನ್ನ ಚಂದಾ ಇರಬೇಕೆಂದುಕೊಂಡೆ.

ಆರು ಚಿತ್ರ ಮುಗಿದವು. ಏಳನೆಯದು ಗೋಡೆಯ ಮೇಲೆ ಬಿತ್ತು. ಕಪ್ಪು ಬಿಳುಪು. ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಎರಡು ಕಪ್ ಟೀ, ಆವಿ ಏಳುತ್ತಿದೆ. ಹಿಂದೆ ತೆರೆದ ಬಾಗಿಲಿನಲ್ಲಿ ಒಬ್ಬ ಮನುಷ್ಯ, ಹೆಗಲಿಗೆ ಚೀಲ, ಬೆನ್ನು ಮಾತ್ರ ಕಾಣುತ್ತಿದೆ. ನಾನು ಎದ್ದು ಗಂಟಲು ಸರಿಮಾಡಿಕೊಂಡೆ.

“ಎರಡು ಗುಣ. ಒಂದು, ಆವಿಯ ಮೇಲೆ ಬಿದ್ದ ಬೆಳಕು. ಎರಡು, ಕಪ್‌ಗಳು ಒಂದಕ್ಕೊಂದು ಹತ್ತಿರ ಇರೋ ರೀತಿ. ಮಾತಾಡ್ತಿವೆಯೇನೋ ಅನ್ನಿಸುತ್ತೆ.” ಇಲ್ಲಿ ಸ್ವಲ್ಪ ನಿಲ್ಲಿಸಿದೆ. ಕೀರ್ತಿ ಬರುವುದು ಇಂಥ ಕಡೆ ನಿಲ್ಲಿಸುವುದರಿಂದಲೇ. “ಇನ್ನು ಕೊರತೆ. ಹಿಂದೆ ಇರೋ ಈ ಮನುಷ್ಯ ಇದಾನಲ್ಲ, ಇವನಿಗೂ ಈ ಚಿತ್ರಕ್ಕೂ ಏನು ಸಂಬಂಧ? ಚಿತ್ರ ಇರೋದು ಇಲ್ಲಿ, ಇವನ ಗಮನ ಇರೋದು ಹೊರಗೆ. ಅದರ ಮೇಲೆ ತಲೆ ಹಿಂದೆ ಅಂಗೈ ಅಗಲ ಬೋಳು. ಕಿಟಕಿ ಬೆಳಕೆಲ್ಲ ಹೋಗಿ ಅದರ ಮೇಲೇ ಕೂತಿದೆ.”

ಯಾರೋ ಕೆಮ್ಮಿದರು. ಟೈಲರಮ್ಮ ನೆಲ ನೋಡಿದರು. ನನ್ನ ಮಾತು ನಾಟುತ್ತಿದೆ ಎಂದುಕೊಂಡೆ.

“ಸಾಕು ಬಿಡಿ ಸಾರ್,” ಎಂದರು ಹಲ್ಲಿನ ಡಾಕ್ಟರು. ಅವರ ಬಾಯಲ್ಲಿ ಅಂಥ ಕರುಣೆಯ ದನಿ ನಾನು ಕೇಳಿರಲಿಲ್ಲ.

“ಇರಿ ಡಾಕ್ಟ್ರೇ, ಮುಗಿಸ್ತೀನಿ. ಈ ಮನುಷ್ಯ ಒಬ್ಬ ಇಲ್ಲದೇ ಇದ್ದಿದ್ದರೆ ಇದು ಅದ್ಭುತ ಚಿತ್ರ. ತೆಗೆದವರಿಗೆ ನನ್ನ ಸಲಹೆ, ಅವನನ್ನ ಕತ್ತರಿಸಿ ತೆಗೀರಿ.”

ಅಧ್ಯಕ್ಷರು, “ಏಳನೇ ಚಿತ್ರ ತೆಗೆದವರು ಎದ್ದು ನಿಲ್ಲಬೇಕು,” ಎಂದರು.

ನನ್ನ ಹಿಂದೆ ಹತ್ತನೇ ಕುರ್ಚಿ ಸರಿದ ಸದ್ದಾಯಿತು.

“ಆಯ್ತು,” ಎಂದಳು ನನ್ನ ಹೆಂಡತಿ.

ನಾನು ಮತ್ತೆ ಗೋಡೆಯ ಕಡೆ ತಿರುಗಿದೆ. ನಮ್ಮ ಮೇಜು. ನಮ್ಮ ಕಪ್‌ಗಳು. ಹನ್ನೆರಡು ವರ್ಷದಿಂದ ನಾನು ತೆಗೆದು ಮುಚ್ಚುವ ನಮ್ಮ ಬಾಗಿಲು. ಕೈ ತಾನಾಗಿ ತಲೆಯ ಹಿಂದಕ್ಕೆ ಹೋಯಿತು. ಅಂಗೈ ಅಗಲ, ಅಳತೆ ಸರಿಯಾಗಿಯೇ ಹೇಳಿದ್ದೆ.

ದಾರಿಯುದ್ದಕ್ಕೂ ನಾನು ಸಮಜಾಯಿಷಿ ಕೊಟ್ಟೆ. ಕಪ್ಪು ಬಿಳುಪಿನಲ್ಲಿ ಅಂಗಿಯ ಬಣ್ಣ ತಿಳಿಯಲಿಲ್ಲ ಎಂದೆ. ಮನುಷ್ಯನಾದವನು ತನ್ನ ಬೆನ್ನನ್ನು ಯಾವಾಗ ನೋಡಿರುತ್ತಾನೆ ಎಂದೆ.

“ಆಯ್ತು,” ಎಂದಳು.

“ಬೇಜಾರಾಯ್ತಾ?”

“ಆಯ್ತು.”

ಇದು ನಿಯಮದ ಆಯ್ತೋ, ನಿಜವಾದ ಆಯ್ತೋ ತಿಳಿಯಲಿಲ್ಲ. “ಸರಿಯಾಗಿ ಬೈದಾದ್ರೂ ಬಿಡೇ,” ಎಂದೆ.

“ತೆಗೆದವರು ವಾದ ಮಾಡೋ ಹಾಗಿಲ್ಲ,” ಎಂದಳು. “ಫ್ರೇಮ್ ಹಾಕಿಸಿ ಗೋಡೆಗೆ ಹೊಡೆದಿದ್ದೀರಲ್ಲ.”

ಸೋಮವಾರ ಅವಳು ಹೊರಟಳು. ಗುರುವಾರ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಅದೇ ಫೋಟೋ, ನನ್ನನ್ನು ಕತ್ತರಿಸಿ ತೆಗೆದದ್ದು. ಹಿಂದುಗಡೆ ಗುಂಡಗಿನ ಅಕ್ಷರದಲ್ಲಿ ‘ತಮ್ಮ ಸಲಹೆಯಂತೆ ತಿದ್ದಿದ್ದೇನೆ. ಈಗ ಹೇಗಿದೆ?’

ಅದೇ ಮೇಜಿನ ಮುಂದೆ ಕೂತು ನೋಡಿದೆ. ಈಗ ನಿಜವಾಗಿ ನೋಡಿದೆ. ಒಂದು ಕಪ್ ಅರ್ಧ ಖಾಲಿಯಾಗಿತ್ತು. ಇನ್ನೊಂದು ತುಂಬಿದ್ದು ತುಂಬಿದಂತೆಯೇ ಇತ್ತು. ಅದು ನನ್ನದು. ಪ್ರತಿ ಭಾನುವಾರ ತುಟಿಗೆ ತಾಗಿಸಿದ ಶಾಸ್ತ್ರ ಮಾಡಿ ನಾನು ಬಿಟ್ಟು ಹೋಗುವ ಕಪ್. ನಾನು ಹೋದ ಮೇಲೆ ಅವಳು ಎಷ್ಟು ಹೊತ್ತು ಅದರ ಎದುರು ಕೂತಿರುತ್ತಿದ್ದಳೋ. ತನ್ನದೇ ತಲೆಯ ಬೋಳು ಕೂಡ ಕಾಣಿಸದ ಈ ಕಣ್ಣಿಗೆ ಅದು ಹೇಗೆ ಕಂಡೀತು? ಆ ಗುರುವಾರ ನನಗೆ ಅವಳು ಎಷ್ಟು ಬೇಕೆನಿಸಿದಳೆಂದರೆ, ಕೊನೆಗೆ ಅವಳ ಫೋಟೋವನ್ನಾದರೂ ನೋಡೋಣ ಎಂದು ಕಂಪ್ಯೂಟರ್ ತೆರೆದೆ.

ಹನ್ನೊಂದು ಸಾವಿರ ಚಿತ್ರಗಳಿದ್ದವು. ಸೇತುವೆ ನಾನೂರು. ಒಂದೇ ಕೊಕ್ಕರೆ ಇನ್ನೂರ ಅರವತ್ತು, ಅದೂ ಒಂದೇ ಕಾಲಿನ ಮೇಲೆ. ಬಾಗಿಲಿನ ಚಿಲಕಗಳು ಎಪ್ಪತ್ತು. ನನ್ನ ಹೆಂಡತಿ ಇರಲಿಲ್ಲ. ಇದ್ದಳು, ಇಲ್ಲವೆನ್ನಲಾರೆ, ಅಂಚಿನಲ್ಲಿದ್ದಳು. ಬೆಳಕು ಹಾಯಿಸಲು ಬಿಳಿ ಹಲಗೆ ಹಿಡಿದ ಒಂದು ಮೊಣಕೈ. ಕಲ್ಲಿನ ಮೇಲೆ ಬಿದ್ದ ಅರ್ಧ ನೆರಳು. ಮಳೆಯಲ್ಲಿ ನನ್ನ ಕ್ಯಾಮೆರಾಗೆ ಕೊಡೆ ಹಿಡಿದ ನಾಲ್ಕು ಬೆರಳು. ಕೊಡೆ ಕ್ಯಾಮೆರಾದ ಮೇಲಿತ್ತು, ಅವಳ ಮೇಲಿರಲಿಲ್ಲ. ‘ಸ್ವಲ್ಪ ಪಕ್ಕಕ್ಕೆ ಸರಿ’ ಎಂದು ಹನ್ನೆರಡು ವರ್ಷ ಹೇಳಿದ್ದೆ, ಅವಳು ಸರಿದಿದ್ದಳು.

ಸಂಜೆ ಫೋನ್ ಮಾಡಿದೆ. “ನನ್ನ ಹತ್ರ ನಿನ್ನದೊಂದು ಫೋಟೋ ಇಲ್ಲ ಕಣೇ.”

“ಸರಿಯಾಗಿ ಹುಡುಕಿದ್ರಾ?”

“ಹುಡುಕಿದೆ. ಮೊಣಕೈ ಸಿಕ್ತು.”

“ಯಾವ ಕಡೇದು?”

“ಎಡಗಡೇದು.”

“ಫೋಕಸ್ ಇದೆಯಾ?”

“ಇಲ್ಲ.”

“ಮೊದಲು ಎರಡು ಗುಣ ಹೇಳಿ ಅದಕ್ಕೆ,” ಎಂದಳು. ದನಿ ಸ್ವಲ್ಪ ಒದ್ದೆಯಾಗಿತ್ತು.

ಅಲ್ಲಿಗೆ ಎರಡನೇ ಮಹಾ ನಿರ್ಧಾರ ಮಾಡಿದೆ. ಶನಿವಾರ ಅವಳು ಬರುವುದು ಬೇಡ, ನಾನೇ ಹೋಗಿ ಬಾಗಿಲಲ್ಲಿ ನಿಂತು ಬೆರಗು ಹುಟ್ಟಿಸಬೇಕು. ಬೆರಗು ಹುಟ್ಟಿಸಬೇಕಾದರೆ ಮೊದಲೇ ಹೇಳಬಾರದಲ್ಲ, ಹೇಳಲಿಲ್ಲ. ಕ್ಯಾಮೆರಾ ಹಾಕಿಕೊಂಡೆ, ನನ್ನ ಟೀ ಕಪ್ಪನ್ನು ಟವೆಲ್ಲಿನಲ್ಲಿ ಸುತ್ತಿ ಇಟ್ಟುಕೊಂಡೆ, ಮಧ್ಯಾಹ್ನದ ಬಸ್ಸು ಹತ್ತಿದೆ. ದಾರಿಯ ನಡುವೆ ಎದುರಿನಿಂದ ಒಂದು ಬಸ್ಸು ಭರ್ರೆಂದು ಹಾದುಹೋಯಿತು. ಅದರ ಮೇಲೆ ಬಿದ್ದ ಬೆಳಕು ಚೆನ್ನಾಗಿತ್ತು, ಒಂದು ಫೋಟೋ ತೆಗೆದೆ.

ಅವಳ ಕೋಣೆಗೆ ಬೀಗ. ಮೆಟ್ಟಿಲ ಮೇಲೆ ಕೂತೆ. ಫೋನ್ ಬಂತು.

“ಎಲ್ಲಿದ್ದೀರಾ?”

“ನಿನ್ನ ಬಾಗಿಲ ಮುಂದೆ,” ಎಂದೆ ಠೀವಿಯಿಂದ.

“ನಾನು ನಿಮ್ಮ ಬಾಗಿಲ ಒಳಗೆ,” ಎಂದಳು.

ಎದುರಿನಿಂದ ಬಂದ ಆ ಬಸ್ಸು ನೆನಪಾಯಿತು. ಕ್ಯಾಮೆರಾದಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮೂರನೇ ಕಿಟಕಿಯಲ್ಲಿ, ಸರಳಿಗೆ ತಲೆ ಆನಿಸಿಕೊಂಡು ನಿದ್ದೆ ಮಾಡುತ್ತಿದ್ದ ಒಂದು ಹೆಂಗಸು. ಅವಳದೇ ಜಡೆ. ಈ ಸಲವೂ ಫೋಕಸ್ ಇರಲಿಲ್ಲ.

“ಈಗಲೇ ಹೊರಟು ಬರ್ತೀನಿ,” ಎಂದೆ.

“ದಯವಿಟ್ಟು ಅಲ್ಲಾಡಬೇಡಿ. ಮತ್ತೆ ಎದುರುಬದುರು ಹೋಗಿಬಿಡ್ತೀವಿ. ಮನೆ ಓನರ್ ಅಮ್ಮನ ಹತ್ರ ಇನ್ನೊಂದು ಬೀಗದಕೈ ಇದೆ, ಇಸ್ಕೊಳ್ಳಿ. ಒಂದೇ ಒಂದು ಸಲ ಇದ್ದ ಕಡೆ ಇರಿ. ನಾಳೆ ಬೆಳಿಗ್ಗೆ ನಾನೇ ಬರ್ತೀನಿ.”

ಇದ್ದೆ. ಒಂದು ಕಿಟಕಿ, ಒಂದು ಕುರ್ಚಿ, ಒಂದು ಚಾಪೆ, ಒಂದು ಒಲೆ, ನಾಲ್ಕು ಪುಸ್ತಕ, ಕಣ್ಣು ಪರೀಕ್ಷೆಯ ಅಕ್ಷರಗಳ ಹಾಳೆ ಅಂಟಿಸಿದ ಒಂದು ಬಾಗಿಲು, ಒಂದು ಕಪ್. ಬೇರೇನಿರಲಿಲ್ಲ ಆ ಕೋಣೆಯಲ್ಲಿ. ವಾರದ ಐದು ಸಂಜೆ ಅವಳು ಇಲ್ಲಿ ಒಬ್ಬಳೇ ಕೂತು ಭಾನುವಾರಕ್ಕಾಗಿ ಕಾದಿದ್ದಳು. ಅವಳು ಕಾದ ಭಾನುವಾರವನ್ನು ನಾನು ಕೊಕ್ಕರೆಗೆ ಕೊಟ್ಟಿದ್ದೆ. ಟವೆಲ್ ಬಿಚ್ಚಿ ನನ್ನ ಕಪ್ಪನ್ನು ಅವಳ ಕಪ್ಪಿನ ಪಕ್ಕ ಇಟ್ಟೆ.

ಮರುದಿನ ಹನ್ನೊಂದಕ್ಕೆ ಅವಳು ಬಂದಳು. ಬಸ್ಸಿನ ಧೂಳು, ಕೆದರಿದ ಕೂದಲು. ಚೀಲ ಇಳಿಸುವ ಮೊದಲೇ ಕಪ್‌ಗಳು ಅವಳ ಕಣ್ಣಿಗೆ ಬಿದ್ದವು. ಟೀ ಮಾಡಿದಳು. ನಾನು ತಳದವರೆಗೂ ಕುಡಿದು ಖಾಲಿ ಕಪ್ ತೋರಿಸಿದೆ.

“ಈಗ ಆ ಕಿಟಕಿ ಹತ್ರ ಕೂತ್ಕೋ. ಪಕ್ಕಕ್ಕೆ ಸರಿಯಬೇಡ, ಮಧ್ಯದಲ್ಲೇ ಇರು,” ಎಂದೆ.

“ನೀವು?”

“ನಾನು ಯಾಕೆ? ಫೋಟೋ ತೆಗೆಯೋರು ಯಾರು?”

“ನೀವು ಇಲ್ಲದ ಫೋಟೋ ಒಂದಿದೆ ನನ್ನ ಹತ್ರ,” ಎಂದಳು.

ಕ್ಯಾಮೆರಾವನ್ನು ನಾಲ್ಕು ಪುಸ್ತಕದ ಮೇಲೆ ಕೂರಿಸಿ, ಹತ್ತು ಸೆಕೆಂಡಿನ ಟೈಮರ್ ಇಟ್ಟೆ. ಮಟ್ಟ ಸರಿಯಿದೆಯೇ ಎಂದು ಬಗ್ಗಿ ನೋಡಿದೆ, ಎಡಕ್ಕೆ ಕೂದಲೆಳೆಯಷ್ಟು ಓರೆ. ತಿದ್ದಿದೆ. ಅದರಲ್ಲೇ ಎಂಟು ಸೆಕೆಂಡು ಹೋಯಿತು. ಓಡಿದೆ. ಚಾಪೆ ಕಾಲಿಗೆ ಸಿಕ್ಕಿತು, ಎರಡೂ ಕೈ ಚಾಚಿಕೊಂಡು ಅವಳ ಕಡೆ ಮುಗ್ಗರಿಸಿದೆ, ಹಿಂದೆ ಕ್ಲಿಕ್ ಎಂದಿತು.

ಚಿತ್ರದಲ್ಲಿ ನನ್ನ ಬೆನ್ನು, ಅಂಗೈ ಅಗಲದ ಆ ಬೋಳು, ಅದರ ಮೇಲೆ ಕಿಟಕಿಯ ಬೆಳಕೆಲ್ಲ. ಅದರಾಚೆ, ಹನ್ನೊಂದು ಸಾವಿರದ ಎರಡನೇ ಚಿತ್ರದಲ್ಲಿ, ಕೊನೆಗೂ ಇಡೀ ನನ್ನ ಹೆಂಡತಿ, ಬಾಯಿ ತುಂಬ ನಗುತ್ತಿದ್ದಳು. ಫೋಕಸ್ ಇತ್ತು. ಇನ್ನೊಂದು ತೆಗೆಯೋಣ ಎಂದೆ, ಅವಳು ಬೇಡವೆಂದಳು.

ಆ ವಾರ ಅದನ್ನು ಹೆಸರಿಲ್ಲದೆ ಅಧ್ಯಕ್ಷರ ಕೈಗೆ ಕೊಟ್ಟು, ಶನಿವಾರ ಮತ್ತೆ ಬಸ್ಸು ಹತ್ತಿದೆ, ಈ ಸಲ ಹೇಳಿ. ಭಾನುವಾರ ಬೆಳಿಗ್ಗೆ ಎರಡು ಕಪ್‌ಗಳ ನಡುವೆ ಫೋನ್ ಇಟ್ಟುಕೊಂಡು ಇಬ್ಬರೂ ಕೂತೆವು. ಅವಳ ವರ್ಷ ಮುಗಿಯಲು ಇನ್ನೂ ಹತ್ತು ತಿಂಗಳಿತ್ತು. ಅತ್ತ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಎದ್ದದ್ದು ಕೇಳಿಸಿತು.

“ಎರಡು ಗುಣ. ಆ ಹೆಣ್ಣುಮಗಳ ನಗು. ಆ ನಗು ಕ್ಯಾಮೆರಾಗೆ ಅಂತ ನಕ್ಕಿದ್ದಲ್ಲ, ಅದು ಎರಡನೇದು. ಕೊರತೆ ಒಂದೇ. ಮುಂದೆ ಅಡ್ಡ ಬಂದಿರೋ ಆ ಬೋಳುತಲೆ ಮನುಷ್ಯ ಇಲ್ಲದೇ ಇದ್ದಿದ್ದರೆ…”

“ತೆಗೆದವರು ಫೋನಿನಲ್ಲಿದ್ದಾರೆ,” ಎಂದರು ಅಧ್ಯಕ್ಷರು.

“ಆಯ್ತು,” ಎಂದೆ ನಾನು.

ಅವಳು ಫೋನಿನ ಕಡೆ ಬಾಗಿದಳು. “ಅವರು ಇರಲಿ ಬಿಡಿ ಡಾಕ್ಟ್ರೇ. ಈ ಸಲ ಆ ಬೆನ್ನು ಹೋಗ್ತಾ ಇಲ್ಲ, ಬರ್ತಾ ಇದೆ.”

“ಅಮ್ಮಾ, ತೆಗೆದವರು ವಾದ ಮಾಡೋ ಹಾಗಿಲ್ಲ, ನಿಯಮ.”

“ತೆಗೆದವರು ಬಾಯಿ ಮುಚ್ಕೊಂಡು ಕೂತಿದ್ದಾರೆ ಡಾಕ್ಟ್ರೇ. ನಾನು ಕಾದವಳು.”

ಅತ್ತ ಕುರ್ಚಿ ಕಿರುಗುಟ್ಟಿತು, ಡಾಕ್ಟರು ಕೂತಿರಬೇಕು.

“ಆಯ್ತು,” ಎಂದರು ಡಾಕ್ಟರು.