ಪುಸ್ತಕಕ್ಕೆ ಎಂಜಲು ಹಚ್ಚಿ ನೋಡಿದ ಮಾವ

ದೇವರ ಕೆಲಸದಲ್ಲೂ ತಪ್ಪು ಹುಡುಕಬಲ್ಲವರು ನಮ್ಮ ಮನೆತನದಲ್ಲಿ ಒಬ್ಬರೇ ಒಬ್ಬರು. ನನ್ನ ಸೋದರಮಾವ! ಕನಕಾಂಬರದ ಗಿಡ ಕಂಡಾಗಲೆಲ್ಲ ಅವರು ನಿಟ್ಟುಸಿರು ಬಿಡುತ್ತಾರೆ. "ಹೂವೇನೋ ಸರಿಯಾಗೇ ಮಾಡಿದ. ಎಲೆ ಹತ್ರ ಬಂದಾಗ ಅವಸರ ಮಾಡ್ಬಿಟ್ಟ. ಇನ್ನೊಂಚೂರು ಕಪ್ಪು ಹಸಿರು ಕೊಡಬೇಕಾಗಿತ್ತು." ದೇವರಿಗೇ ಈ ಗತಿಯಾದರೆ ನಮ್ಮಂಥ ನರಮನುಷ್ಯರ ಪಾಡೇನು, ನೀವೇ ಹೇಳಿ!

ನನ್ನ ಮದುವೆಯ ಫೋಟೋಗಳಲ್ಲಿ ನಮ್ಮಿಬ್ಬರ ಹಿಂದೆ ಬರೀ ಸುಣ್ಣದ ಗೋಡೆ ಇದೆ. ಅಲಂಕಾರದವರು ಕಟ್ಟಿದ್ದ ಗುಲಾಬಿ ಪರದೆ ನನ್ನ ಸೀರೆಯನ್ನು 'ತಿಂದುಹಾಕ್ತಿದೆ' ಅಂತ ಮಾವ ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಅದನ್ನು ಕಿತ್ತು ಮಡಚಿ ಅಡುಗೆಯವರ ಕೈಗೆ ಕೊಟ್ಟುಬಿಟ್ಟರು. ಇನ್ನೊಂದು ಸಲ, ಕೊಯಮತ್ತೂರಿನ ಪಕ್ಕದ ತುಡಿಯಲೂರಿನ ನಮ್ಮ ಮನೆಗೆ ಬರಲು ಮೆಟ್ಟುಪಾಳ್ಯಂನಲ್ಲಿ ಬಸ್ಸು ಹತ್ತಿದವರು ಅರ್ಧ ದಾರಿಯಲ್ಲೇ ಇಳಿದರು. ಯಾಕೆ ಅಂದರೆ, ಕೆಂಪು ಸೀಟಿನ ಮೇಲೆ ಗಿಳಿಹಸಿರು ಅಂಗಿಯವನೊಬ್ಬ ಕೂತಿದ್ದನಂತೆ. "ಅವನನ್ನ ಇಳೀ ಅನ್ನೋಕಾಗತ್ತಾ ಅಮ್ಮಣಿ? ಪಾವಂ, ಟಿಕೆಟ್ ತಗೊಂಡಿದ್ದ. ನಾನೇ ಇಳಿದೆ."

ನಮ್ಮದು ಮಗ್ಗದ ಜನ. ಯಾವ ತಲೆಮಾರಿನಲ್ಲಿ ಈ ಕಡೆಗೆ ಬಂದೆವೋ ಯಾರಿಗೂ ಗೊತ್ತಿಲ್ಲ. ಹೊಸಿಲೊಳಗೆ ಕನ್ನಡ, ಹೊಸಿಲಾಚೆ ತಮಿಳು, ಸಿಟ್ಟು ಬಂದರೆ ಎರಡೂ! ಕನ್ನಡ ಅಕ್ಷರ ಮಾತ್ರ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ನಾನು ಕಲಿತದ್ದೂ ಮದುವೆಯಾದ ಮೇಲೆ, ಮೈಸೂರು ಕಡೆಯ ಗಂಡನಿಂದ. ಮಾವ ಐದನೇ ಕ್ಲಾಸಿಗೇ ಪಾಠ ಸಾಕೆಂದು ಮಗ್ಗದ ಗುಂಡಿಗೆ ಇಳಿದವರು. ಆದರೂ ಸುತ್ತಲಿನ ನಾಲ್ಕು ಬೀದಿಯ ನೇಕಾರರು ಸೀರೆಯ ಯಾವ ಒಡಲಿಗೆ ಯಾವ ಅಂಚು ಅಂತ ಕೇಳಲು ಇವತ್ತಿಗೂ ಇವರ ಬಾಗಿಲಿಗೇ ಬರಬೇಕು. ಮಾವ ಎರಡು ಲಡಿ ನೂಲನ್ನು ಅಕ್ಕಪಕ್ಕ ಹಿಡಿದು ನೋಡಿ "ಬೇಡ" ಅಂದರೆ ಬೇಡ. "ಇರಲಿ" ಅಂದರೆ ಬಂದವರು ಹಬ್ಬ ಮಾಡಿಕೊಂಡು ಹೋಗುತ್ತಾರೆ. "ಇರಲಿ"ಗಿಂತ ದೊಡ್ಡ ಮಾತು ಮಾವನ ಬಾಯಿಂದ ಹೊರಬಿದ್ದದ್ದನ್ನು ಕೇಳಿದವರು ಹುಟ್ಟಿಲ್ಲ.

"ಕೈ ಸೋತ್ರೆ ಕೂಲಿಗೆ ಆಳಿಡಬಹುದು. ಈ ಕಣ್ಣು ಹೋದ್ರೆ ನಾನು ಯಾರು?" ಅಂತ ಒಂದೊಂದು ಸಲ ಹೇಳುತ್ತಿದ್ದರು. ನಾವು ನಗುತ್ತಿದ್ದೆವು.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ. ನಾನು ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಚಿತ್ರಕಲೆ, ವಿನ್ಯಾಸಗಳ ಮೂಲಪಾಠ ಹೇಳುವವಳು. ಆ ಪಾಠಕ್ಕೆಂದು ಒಂದು ಹೊಸ ಪಠ್ಯಪುಸ್ತಕ ಬಂದಿತ್ತು. ನಮ್ಮ ವಿಭಾಗದ ಮುಖ್ಯಸ್ಥೆ ಅದನ್ನು ನನ್ನ ಕೈಗಿಟ್ಟು, "ಓದಿ ಎರಡು ಪುಟ ಅಭಿಪ್ರಾಯ ಬರೀರಿ. ನೀವು ಸರಿ ಅಂದ್ರೆ ಮಕ್ಕಳೆಲ್ಲ ಇದನ್ನೇ ಓದ್ತಾರೆ" ಅಂದರು. ಮೂರು ಸಲ ಓದಿದೆ. 'ಪುಸ್ತಕ ಚೆನ್ನಾಗಿದೆ' ಎಂಬಷ್ಟು ಬಿಟ್ಟರೆ ಏನೂ ಹೊಳೆಯಲಿಲ್ಲ. ಎರಡು ಪದಗಳನ್ನು ಎರಡು ಪುಟ ಮಾಡುವುದು ಹೇಗೆ? ಭಾನುವಾರ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮಾವನ ಮನೆಗೆ ಹೋದೆ.

ಮಾವ ಪುಸ್ತಕವನ್ನು ತೆಗೆದುಕೊಂಡವರೇ ಬೋರಲು ಹಾಕಿದರು. "ಮುಂದುಗಡೆ ಎಲ್ಲರೂ ಚೆನ್ನಾಗೇ ಇಟ್ಟಿರ್ತಾರೆ. ಹಿಂದುಗಡೆ ನೋಡು, ನೇಯ್ದವನ ಬುದ್ಧಿ ಕಾಣತ್ತೆ." ಆಮೇಲೆ ಒಂದು ಹಾಳೆಯನ್ನು ಬಿಸಿಲಿಗೆ ಹಿಡಿದರು. ಮೂಲೆ ಹಿಡಿದು ಜಗ್ಗಿದರು. ಮೂಸಿದರು. ಕೊನೆಗೆ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಹೊದಿಕೆಯ ಮೇಲಿದ್ದ ಕೆಂಪು ವೃತ್ತವನ್ನು ಗಸಗಸ ಉಜ್ಜಿದರು!

"ಮಾವ! ಕಾಲೇಜಿನ ಪುಸ್ತಕ!"

"ಚುಮ್ಮಾ ಇರು. ಬಣ್ಣ ಬಿಡತ್ತಾ ಅಂತ ನೋಡದೆ ಹೇಗೆ ಹೇಳೋದು?" ಬೆರಳು ನೋಡಿಕೊಂಡರು. "ಬಿಡಲ್ಲ. ಮುಂದೆ ಓದು."

ಇಂಗ್ಲಿಷಿನಲ್ಲಿದ್ದುದನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಾ ಹೋದೆ. ಮೇಲ್ಮೈಯ ಪಾಠ ಬಂತು. ಒರಟು ಮೇಲ್ಮೈಗೆ ಉದಾಹರಣೆಯಾಗಿ ಮರದ ತೊಗಟೆಯ ಚಿತ್ರವಿತ್ತು. ಮಾವ ಅದರ ಮೇಲೆ ಅಂಗೈ ಆಡಿಸಿದರು. "ಒರಟು ಅಂತ ಬರ್ದಿದ್ದಾನಾ? ಮುಟ್ಟಿದ್ರೆ ಬೆಣ್ಣೆ ಇದ್ದಂಗಿದೆ! ಸುಳ್ಳುಗಾರ." ಸಮತೋಲದ ಪಾಠಕ್ಕೆ ತಕ್ಕಡಿಯ ಚಿತ್ರ. "ತಕ್ಕಡಿ ಅಲ್ಲಾಡದೆ ನಿಲ್ಲತ್ತೆ. ಸೀರೆ ಉಟ್ಟವಳು ನಡೀತಾಳೆ, ಬಗ್ತಾಳೆ, ಜಗಳಕ್ಕೆ ಸೆರಗು ಸಿಕ್ಕಿಸ್ತಾಳೆ. ಆಗಲೂ ಸರಿಯಾಗಿ ಕಾಣ್ಬೇಕು. ಅದನ್ನ ಬರೀಲಿಲ್ವಾ ಇವನು?"

ಖಾಲಿ ಜಾಗದ ಪಾಠಕ್ಕೆ ಬಂದಾಗ ಮಾತ್ರ ಸುಮ್ಮನಾದರು. ಇಡೀ ಬಿಳಿ ಪುಟದ ಮೂಲೆಯಲ್ಲಿ ಒಂದೇ ಒಂದು ಚುಕ್ಕಿ. ತುಂಬ ಹೊತ್ತು ನೋಡಿದರು. "ಇವನಿಗೆ ಸ್ವಲ್ಪ ತಿಳಿದಿದೆ. ಒಡಲು ಸುಮ್ನಿದ್ರೆ ತಾನೇ ಅಂಚು ಮಾತಾಡೋದು. ಇದನ್ನ ನಿಮ್ಮತ್ತೆಗೂ ಒಂದ್ಸಲ ಓದಿ ಹೇಳು."

ಮೂಲೆಯಲ್ಲಿ ರಾಟೆ ತಿರುಗಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಕೇಳಿಸ್ತು. ನಾನು ಅಂಚು. ನೀವು ಒಡಲು, ಸುಮ್ನಿರಿ!"

ನಾನು ಬಿದ್ದು ಬಿದ್ದು ನಕ್ಕೆ. ಅಷ್ಟರಲ್ಲಿ ಬಣ್ಣದ ಪಾಠ ಬಂತು. ನೋಡಿ, ಅಲ್ಲಿ ಎಡವಿದ್ದು! ಬಣ್ಣಗಳ ಚಕ್ರವನ್ನು ಮಾವ ಹತ್ತಿರ ಹಿಡಿದರು, ದೂರ ಹಿಡಿದರು, ಬಾಗಿಲಿಗೆ ಹೋಗಿ ಬಿಸಿಲಲ್ಲಿ ಹಿಡಿದರು. ಮುಖ ಗಂಟಿಕ್ಕಿದರು. "ಇದೇನು, ನೀಲೀನಾ ಇದು? ಕಂದಿಗೂ ಇದಕ್ಕೂ ಏನು ವ್ಯತ್ಯಾಸ? ನೇರಳೇನೇ ಇಲ್ಲ. ಬಿಳಿ ಹಾಳೆಗೆ ಅರಿಶಿನ ನೀರು ಬಿದ್ದಂಗಿದೆ. ಬಣ್ಣಾನೇ ಗೊತ್ತಿಲ್ದವನು ಮಕ್ಕಳಿಗೆ ಬಣ್ಣ ಹೇಳಿಕೊಡ್ತಾನಾ? ಬೇಡ. ವಾಪಸ್ ಕಳಿಸು!"

ನನ್ನ ಕಣ್ಣಿಗೆ ನೀಲಿ ನೀಲಿಯಾಗಿಯೇ ಇತ್ತು. ಆದರೆ ನನ್ನ ಕಣ್ಣಿನ ಮಾತು ಆ ಮನೆಯಲ್ಲಿ ಯಾವತ್ತು ನಡೆದಿದೆ? ಏಳನೇ ವಯಸ್ಸಿನಲ್ಲಿ ನಾನು ತಿಳಿಗೆಂಪನ್ನೂ ಗುಲಾಬಿಯನ್ನೂ ಒಂದೇ ಅಂದೆನೆಂದು ಇವತ್ತಿಗೂ ನನ್ನನ್ನು 'ಕುರುಡಿ' ಅನ್ನುತ್ತಾರೆ. ಸೋಮವಾರ ಹೋಗಿ ಮುಖ್ಯಸ್ಥೆಗೆ ಧೈರ್ಯವಾಗಿ ಹೇಳಿಬಿಟ್ಟೆ: "ಬಣ್ಣದ ಪುಟಗಳು ತಪ್ಪಾಗಿ ಅಚ್ಚಾಗಿವೆ." ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಯಾರಿಗೂ ತಪ್ಪು ಕಾಣಲಿಲ್ಲ. "ಇನ್ನೊಂದು ಪ್ರತಿ ಇದೆ, ಅದನ್ನೂ ನೋಡಿ ಹೇಳಿ" ಅಂದರು, ಪಾಪ, ಬಹಳ ಮರ್ಯಾದೆಯಿಂದ.

ಎರಡನೇ ಪ್ರತಿ ಹಿಡಿದು ಮತ್ತೆ ಹೋದೆ. ಅತ್ತೆ ಅಂಗಡಿಗೆ ಹೋಗಿದ್ದರು. ಮಾವ ಬಣ್ಣದ ಚಕ್ರವನ್ನು ಬಿಡಿಸಿ ಒಂದೇ ಕ್ಷಣ ನೋಡಿ ಮುಚ್ಚಿದರು. "ಇದೂ ಅಷ್ಟೇ."

"ಮಾವ, ಕಾಲೇಜಿನಲ್ಲಿ ಎಲ್ಲರಿಗೂ ಸರಿಯಾಗೇ ಕಾಣ್ತಿದೆ."

"ಎಲ್ಲರಿಗೂ ಕಣ್ಣಿದೆಯಾ? ಬಾ, ನೀಲಿ ಅಂದ್ರೆ ಏನು ಅಂತ ನಾನು ತೋರಿಸ್ತೀನಿ."

ಗೋಡೆಯ ಗೂಟಗಳಿಗೆ ನೂಲಿನ ಲಡಿಗಳು ಸಾಲಾಗಿ ತೂಗುತ್ತಿದ್ದವು. ಮಾವ ಅವುಗಳನ್ನು ನೋಡಲೇ ಇಲ್ಲ. ಬೆರಳಿನಿಂದ ಒಂದೊಂದರ ತುದಿಯನ್ನೂ ತಡವುತ್ತಾ ಹೋದರು. ಒಂದು ಲಡಿಯ ಹತ್ತಿರ ಬೆರಳು ನಿಂತಿತು. ತೆಗೆದು ನನ್ನ ಕೈಗಿಟ್ಟರು. ಅಚ್ಚ ನೀಲಿ. ಅದರ ತುದಿಯಲ್ಲಿ ಬಿಳಿ ದಾರದ ಒಂದು ಗಂಟಿತ್ತು. ನಾನು ಗೂಟಗಳ ಹತ್ತಿರ ಹೋಗಿ ನೋಡಿದೆ. ಕಂದಿಗೆ ಎರಡು ಗಂಟು, ನೇರಳೆಗೆ ಮೂರು, ಕಪ್ಪಿಗೆ ನಾಲ್ಕು.

ಮಾವ ಮಗ್ಗದ ಹಲಗೆಯ ಮೇಲೆ ಕೂತರು.

"ಬಣ್ಣ ಸರಿಯಾಗಿ ಕಾಣದೆ ಎರಡು ವರ್ಷ ಆಯ್ತು ಅಮ್ಮಣಿ. ನಿಮ್ಮತ್ತೆಗೆ ಹೇಗೆ ತಿಳೀತೋ! ಒಂದಿನ ಬೆಳಿಗ್ಗೆ ಬಂದು ನೋಡ್ತೀನಿ, ಗಂಟು ಕಟ್ಟಿದಾಳೆ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ."

"ಹಾಗಾದ್ರೆ ಪುಸ್ತಕ ತಪ್ಪು ಅಂತ ಯಾಕೆ ಅಂದ್ರಿ?"

ಅವರು ಪುಸ್ತಕದ ಮೇಲೆ ಕೈಯಿಟ್ಟರು. "ಪುಸ್ತಕ ತಪ್ಪಾಗಿದ್ರೆ ಚೆನ್ನಾಗಿತ್ತು" ಅಂದರು.

ನನಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಬೈದೆ. ಕಣ್ಣಿಗೆ ಪೊರೆ ಬರುವುದು ಊರಿಗೆಲ್ಲ ಬರುವ ಕಾಯಿಲೆ, ಆಪರೇಷನ್ ಮಾಡಿಸಿಕೊಂಡು ಸಂಜೆಗೆ ಮನೆಗೆ ಬರುತ್ತಾರೆ, ಇದಕ್ಕೆ ಎರಡು ವರ್ಷ ಬಚ್ಚಿಟ್ಟುಕೊಂಡು ಕೂತಿದ್ದೀರಾ ಅಂದೆ. "ಕತ್ತಿ ಒಂದು ಎಳೆ ಆಚೀಚೆ ಆದ್ರೆ? ಇರೋದೂ ಹೋದ್ರೆ?" ಅಂದರು. ದೇವರನ್ನೇ ಹೆದರಿಸುವ ಮನುಷ್ಯ ಕೂಸಿನ ಹಾಗೆ ಹೆದರಿದ್ದರು! ಅಷ್ಟು ಹೊತ್ತಿಗೆ ಅಂಗಡಿಯಿಂದ ಬಂದ ಅತ್ತೆ ನಮ್ಮಿಬ್ಬರ ಮುಖ ನೋಡಿದರು, ನನ್ನ ಕೈಯಲ್ಲಿದ್ದ ಲಡಿ ನೋಡಿದರು. "ನಾಳೆ ಆಸ್ಪತ್ರೆಗೆ ಹೋಗೋಣ. ನನ್ನ ಬೆರಳೂ ಗಂಟು ಹಾಕಿ ಹಾಕಿ ನೋಯ್ತಿದೆ" ಅಂದರು.

ಒಂದು ಕಣ್ಣಾಯಿತು, ಹದಿನೈದು ದಿನ ಬಿಟ್ಟು ಇನ್ನೊಂದಾಯಿತು. ಎರಡನೇ ಪಟ್ಟಿ ಬಿಚ್ಚಿದ ಮಾರನೇ ದಿನ ನನಗೆ ಅಪ್ಪಣೆ ಬಂತು: "ಪುಸ್ತಕ ತಗೊಂಡು ಬಾ." ಕಪ್ಪು ಕನ್ನಡಕ ತೆಗೆಯಬಾರದು ಅಂದಿದ್ದರು, ಯಾರ ಮಾತು ಕೇಳುತ್ತಾರೆ! ತೆಗೆದರು. ಬಣ್ಣದ ಚಕ್ರದ ಮೇಲೆ ಬೆರಳಿಟ್ಟು ನೀಲಿಯಿಂದ ನೇರಳೆಗೆ, ನೇರಳೆಯಿಂದ ಕೆಂಪಿಗೆ ಒಂದು ಸುತ್ತು ನಿಧಾನವಾಗಿ ಹೋದರು. ಇನ್ನೊಂದು ಸುತ್ತು ಹೋದರು. "ಇರಲಿ. ಮಕ್ಕಳು ಓದ್ಲಿ" ಅಂದರು. ನನ್ನ ಎರಡು ಪುಟದ ಅಭಿಪ್ರಾಯ ಅಲ್ಲಿಗೆ ಮುಗಿಯಿತು. ಕನಕಾಂಬರದ ಎಲೆಯ ವಿಷಯದಲ್ಲಿ ಮಾತ್ರ ಮನಸ್ಸು ಬದಲಾಗಲಿಲ್ಲ.

ಆಗ ಅತ್ತೆ ಕಣ್ಣಿನ ಮದ್ದು ಹಿಡಿದುಕೊಂಡು ಬಂದರು. ಹೋದ ದೀಪಾವಳಿಗೆ ಮಾವನೇ ನೇಯ್ದು ಕೊಟ್ಟ ಸೀರೆ ಉಟ್ಟಿದ್ದರು. ಮಾವ ನೋಡಿದವರು ಹಾಗೆಯೇ ನಿಂತುಬಿಟ್ಟರು.

"ಇದಕ್ಕೆ ಕಂದು ಅಂಚಲ್ವಾ ನಾನು ಹಾಕಿದ್ದು?"

ಸಾಸಿವೆ ಬಣ್ಣದ ಒಡಲಿಗೆ ನವಿಲಿನ ಕತ್ತಿನ ನೀಲಿ ಅಂಚು ಹೊಳೆಯುತ್ತಿತ್ತು. ಅತ್ತೆಯ ಮುಖ ಕೆಂಪಾಯಿತು. "ನೀವು ಕೇಳಿದ್ದು ಕಂದೇ. ನನಗೆ ಕಂದು ಬೇಡ ಅನ್ನಿಸ್ತು. ಅದರ ಎರಡು ಗಂಟು ಬಿಚ್ಚಿ ಈ ನೀಲಿ ಲಡಿಗೆ ಕಟ್ಟಿದೆ."

ನಾಲ್ಕು ಬೀದಿಯಲ್ಲಿ ಯಾರೂ ಎದುರು ಹೇಳದ ಮನುಷ್ಯನ ಬಣ್ಣವನ್ನು, ಅವರ ಕೈಯಿಂದಲೇ, ಅವರಿಗೆ ಗೊತ್ತಿಲ್ಲದ ಹಾಗೆ ಬದಲಾಯಿಸುವುದೆಂದರೆ! ಮಾವ ಹತ್ತಿರ ಬಂದರು. ಸೆರಗಿನ ತುದಿ ಹಿಡಿದು, ಎಂದಿನಂತೆ ಹಿಂಬದಿಗೆ ತಿರುಗಿಸಿ ನೋಡಿದರು. ಬಿಸಿಲಿಗೆ ಹಿಡಿದು ನೋಡಿದರು.

"ಚೆನ್ನಾಗಿದೆ" ಅಂದರು. "ನನಗೆ ಹೊಳೀತಿರಲಿಲ್ಲ ಇದು. ತುಂಬ ಚೆನ್ನಾಗಿದೆ."

ಅತ್ತೆ ಸೆರಗು ಬಿಡಿಸಿಕೊಂಡು ಬಾಟಲಿಯ ಮುಚ್ಚಳ ತೆಗೆದರು. "ಮದ್ದು ಬಿಡೋ ಹೊತ್ತಾಯ್ತು, ಮೇಲೆ ನೋಡಿ" ಅಂದರು. ಮಾವ ತಲೆ ಎತ್ತಿದರು. ಅತ್ತೆ ಬಾಟಲಿ ಹಿಡಿದು ನಿಂತೇ ಇದ್ದರು. ಅವರ ಕಣ್ಣು ತುಂಬಿ, ಮಾವನ ಕಣ್ಣು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಬಾಟಲಿ ಇಸಿದುಕೊಂಡು ನಾನೇ ಮದ್ದು ಬಿಟ್ಟೆ.