ಲೋಕೇಶ ಹೋದ ಮೇಲೆ ಸತ್ತ ಕಂಪ್ಯೂಟರು

ಇವತ್ತು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ಹುರುಳಿಕಾಳು ಬೇಯಲಿಟ್ಟೆ. ಅಟ್ಟದಿಂದ ಇಳಿಸಿದ ಕಾಯಿ ಸುಲಿಯಲು ಬಂದವರಿಗೆ ಎರಡು ಸಲ ಕಾಫಿ ಕೊಟ್ಟೆ. ಕಂಪ್ಯೂಟರಿಗೆ ಹೊಸ ಪವರ್ ಸಪ್ಲೈ ಹಾಕಿಸಿದೆ, ಅದಕ್ಕೆ ಕುಂಕುಮ ಇಟ್ಟೆ, ಒಬ್ಬ ಒಳ್ಳೆಯ ಮನುಷ್ಯನ ಹೆಸರು ಕೆಡಿಸಿದೆ, ಬಟ್ಟೆ ಒಣಹಾಕಿದೆ. ಇಷ್ಟರಲ್ಲಿ ಹೆಸರು ಕೆಡಿಸುವುದಕ್ಕೆ ಹಿಡಿದ ಹೊತ್ತೇ ಎಲ್ಲಕ್ಕಿಂತ ಕಡಿಮೆ.

ನನಗೆ ಅನುಮಾನ ಸ್ವಲ್ಪ ಜಾಸ್ತಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತಿಪಟೂರು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದು ನೋಡಿದವಳು ನಾನು. ಆರಿಸಿಯೇ ಇತ್ತು. ಆಗ ಯಾರು ಆರಿಸಿದರು ಎಂಬ ಅನುಮಾನ ಶುರುವಾಯಿತು. ಇಂಥವಳ ಮನೆಗೆ ರಿಪೇರಿಗೆ ಬರುವುದೆಂದರೆ ಸುಮ್ಮನೆ ಅಲ್ಲ. ನೊಣವಿನಕೆರೆಯ ಲೋಕೇಶ ಹತ್ತು ವರ್ಷದಿಂದ ಬರುತ್ತಿದ್ದಾನೆ. ಮನೆಯಲ್ಲೇ ಕೂತು ಲಗ್ನಪತ್ರಿಕೆ, ನಾಮಕರಣದ ಕಾರ್ಡು ಟೈಪ್ ಮಾಡಿಕೊಡುವ ನನ್ನ ಕಂಪ್ಯೂಟರನ್ನು ಇಷ್ಟು ದಿನ ಬದುಕಿಸಿಟ್ಟವನು ಅವನೇ. ಆದರೂ ಅವನು ಸ್ಕ್ರೂ ಬಿಚ್ಚುವಾಗ ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಸೊಪ್ಪು ಬಿಡಿಸುವ ನೆಪ ಇರುತ್ತದೆ.

ಇವತ್ತೂ ಕೂತಿದ್ದೆ. ಹಳೆಯ ಪವರ್ ಸಪ್ಲೈ ತೆಗೆದು ಹೊಸದು ಹಾಕಿದ. ನನ್ನ ಕಣ್ಣೆದುರೇ ಕಂಪ್ಯೂಟರು ಆನ್ ಆಯಿತು. "ನೋಡಕ್ಕಾ, ಹೆಂಗೈತೆ" ಅಂದ. ಆಫ್ ಮಾಡಿ, ಕಾಫಿ ಕುಡಿದು, ಗಾಡಿ ಹತ್ತಿ ಹೋದ. ನಾನು ಸೀದಾ ದೇವರ ಮನೆಗೆ ಹೋಗಿ ಕುಂಕುಮದ ಬಟ್ಟಲು ತಂದೆ. ನಮ್ಮಲ್ಲಿ ಮನೆಗೆ ಹೊಸ ಸಾಮಾನು ಏನು ಬಂದರೂ ಅದಕ್ಕೆ ಕುಂಕುಮ ಇಡದೆ ಬಳಸುವುದಿಲ್ಲ. ಮಿಕ್ಸಿಗೂ ಇಟ್ಟಿದ್ದೇನೆ, ತೋಟದ ಮೋಟರಿಗೂ ಇಟ್ಟಿದ್ದೇನೆ. ಈ ಪವರ್ ಸಪ್ಲೈ ಕಂಪ್ಯೂಟರಿನ ಡಬ್ಬದ ಒಳಗೆ ಸೇರಿಕೊಂಡಿತ್ತು, ಬೆನ್ನು ಮಾತ್ರ ಹೊರಗೆ ಕಾಣುತ್ತಿತ್ತು. ಅಲ್ಲೂ ಬರೀ ತೂತು. ಬೊಟ್ಟಿಡಲು ನುಣ್ಣಗಿದ್ದದ್ದು ಒಂದೇ ಜಾಗ. ಚೆನ್ನಾಗಿ ಒತ್ತಿ ಇಟ್ಟೆ, ಕೈಮುಗಿದೆ.

ಆಮೇಲೆ ಬಂದು ಬಟನ್ ಒತ್ತಿದರೆ ಉಸಿರೇ ಇಲ್ಲ. ಗೋಡೆಯ ಸ್ವಿಚ್ಚು ನೋಡಿದೆ, ಆನ್ ಇತ್ತು. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿದೆ, ಚಾರ್ಜ್ ಆಯಿತು. ಅವನ ಎದುರಿಗೆ ಆನ್ ಆದದ್ದು ಅವನು ಹೋದ ಮೇಲೆ ಆಗುವುದಿಲ್ಲ ಎಂದರೆ ಏನರ್ಥ? ಹಳೆಯ ಮಾಲಿಗೆ ಬಣ್ಣ ಬಳಿದು ಹಾಕಿದನೇ? ನಾನು ಕಾಫಿ ತರಲು ಒಳಗೆ ಹೋದಾಗ ಏನಾದರೂ ಮಾಡಿದನೇ? ಕಾಫಿ ಬೇಕು ಎಂದು ಕೇಳಿದ್ದೂ ಅವನೇ ಅಲ್ಲವೇ?

ನಮ್ಮವರನ್ನು ಕರೆದೆ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನದು ಚಿಪ್ಪು ಬಿಟ್ಟು ಗಡಗಡ ಎನ್ನುವ ಕೊಬ್ಬರಿಯಾಗಿದೆಯೋ ಇನ್ನೂ ಹಸಿಯೋ ಹೇಳುವುದರಲ್ಲಿ ಅವರು ನಿಪುಣರು. ಕಂಪ್ಯೂಟರಿನ ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದರು.

"ಸದ್ದಿಲ್ಲ ಕಣೇ. ಇನ್ನೂ ಹಸಿ."

ಇಷ್ಟು ಹೇಳಿ ಕಾಯಿ ಸುಲಿಯುವವರ ಕಡೆ ಹೋದರು. ನಾನು ಲೋಕೇಶನಿಗೆ ಫೋನ್ ಮಾಡಿದೆ.

"ಹಿಂದ್ಗಡೆ ಸ್ವಿಚ್ ನೋಡಕ್ಕಾ" ಅಂದ.

"ನಾನೇನು ಸ್ವಿಚ್ ನೋಡ್ದೆ ಇರೋಳೇನಪ್ಪಾ?"

"ಹಂಗಲ್ಲ ಬುಡಕ್ಕಾ, ನಾನೇ ಬತ್ತೀನಿ."

ಇಷ್ಟು ಸಲೀಸಾಗಿ ಬರುತ್ತೇನೆ ಅಂದದ್ದೇ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ತಪ್ಪಿಲ್ಲದವನು ಯಾಕೆ ಬರುತ್ತಾನೆ? ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಗಿರಿಜಕ್ಕ ಕೇಳಿದರು, "ಏನಮ್ಮಾ, ಮುಖ ಹಿಂಗೈತೆ?" ಹೇಳಿಬಿಟ್ಟೆ. ಒಳಗೇನೋ ಹಳೇದು ತುರುಕಿದ್ದಾನೆ ಎಂದೂ ಸೇರಿಸಿದೆ.

"ಅಯ್ಯೋ ಶಿವನೇ! ಚಿಕ್ಕನಾಯಕನಹಳ್ಳಿ ಶಾಲೇಲಿ ನಮ್ಮ ತಮ್ಮ ಹೆಡ್‌ಮಾಸ್ಟ್ರು ಅಲ್ವಾ, ಅಲ್ಲಿನ ಕಂಪ್ಯೂಟರನ್ನೆಲ್ಲ ನೋಡ್ಕಳಕ್ಕೆ ಇವನನ್ನೇ ಕರ್ಸು ಅಂತ ತಮ್ಮಂಗೆ ಹೇಳಿದ್ದೆ ಕಣೇ. ಈಗ್ಲೇ ಬ್ಯಾಡ ಅಂತೀನಿ." ಫೋನು ಅವರ ಕೈಯಲ್ಲೇ ಇತ್ತು, ಅಲ್ಲೇ ನಿಂತು ಮಾಡಿ ಹೇಳಿಯೂಬಿಟ್ಟರು.

ಲೋಕೇಶ ಬಂದ. ಡಬ್ಬ ಬಿಚ್ಚಲಿಲ್ಲ. ಅದರ ಹಿಂದುಗಡೆ ಬಗ್ಗಿ ನೋಡಿ ನಕ್ಕ.

"ಅಕ್ಕಾ, ಕುಂಕುಮ ಇಟ್ಟೋರು ಯಾರು?"

"ನಾನೇ. ಯಾಕೆ?"

"ಸ್ವಿಚ್ಚಿನ ಮ್ಯಾಲೇ ಇಟ್ಟಿದ್ದೀಯಾ. ಇಡೋವಾಗ ಅಮುಕಿದ್ದೀಯಾ, ಆಫ್ ಆಗೈತೆ."

ಹಳೆಯದಕ್ಕೆ ಅಲ್ಲಿ ಸ್ವಿಚ್ಚೇ ಇರಲಿಲ್ಲ. ಬಗ್ಗಿ ನೋಡಿದೆ. ನುಣ್ಣಗಿದ್ದ ಆ ಜಾಗದ ಒಂದು ಪಕ್ಕ ತಗ್ಗಿತ್ತು. ತಗ್ಗಿನಲ್ಲಿ ನನ್ನ ಬೆರಳಿನ ಗೆರೆಗಳ ಸಮೇತ ಕೆಂಪು ಬೊಟ್ಟು. ಲೋಕೇಶ ಇನ್ನೊಂದು ಪಕ್ಕ ಒತ್ತಿ, ಮುಂದಿನ ಬಟನ್ನನ್ನು ಮುಟ್ಟಿದ್ದೇ ತಡ, ಕಂಪ್ಯೂಟರು ಗುಂಯ್ ಎಂದಿತು.

ಅವನು ಹೊರಟ ಮೇಲೆ ಗಿರಿಜಕ್ಕನನ್ನು ಕರೆದು ಬೊಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದರು, "ಅವನೇ ಇಟ್ಟು ನಿನ್ ಮ್ಯಾಲೆ ಹಾಕಿದ್ರೆ?"

ನಾನು ಹಚ್ಚಿದ ಬೆಂಕಿ ಇನ್ನು ನಾನೇ ಆರಿಸದೆ ಆರುವುದಿಲ್ಲ ಎಂದು ಆಗ ಗೊತ್ತಾಯಿತು. ಅವರ ಕೈಯಿಂದ ಫೋನ್ ತೆಗೆದುಕೊಂಡು ಹೆಡ್‌ಮಾಸ್ತರರಿಗೆ ನಾನೇ ಮಾಡಿದೆ. ಕುಂಕುಮದಿಂದ ಹಿಡಿದು ಕಾಫಿಯವರೆಗೆ ಒಂದೂ ಬಿಡದೆ ಹೇಳಿದೆ. ಆ ಕಡೆ ಸ್ಟಾಫ್ ರೂಮಿಗೆ ರೂಮೇ ನಗುವುದು ಕೇಳಿಸಿತು.

"ಸೋಮವಾರ ಲೋಕೇಶನ್ನ ಕಳ್ಸಿ" ಅಂದರು. "ನೀವು ಮಾತ್ರ ಬರಬೇಡ್ರಮ್ಮಾ."

ರಾತ್ರಿಗೆ ಮುದ್ದೆ, ಹುರುಳಿಕಾಳು ಸಾರು, ಮೇಲೊಂದು ಲೋಟ ಮಜ್ಜಿಗೆ. ಮೊದಲು ಮಲಗಿದವರು ನಮ್ಮವರು. ಇಷ್ಟು ಬೇಗ ನಿದ್ದೆ ಬಂದದ್ದು ನಿಜವೋ, ನನ್ನ ಕಡೆ ಬೆನ್ನು ಮಾಡಿ ನಗುತ್ತಿದ್ದಾರೋ ಎಂದು ಎದ್ದು, ಬಗ್ಗಿ, ಒಂದು ಸಲ ನೋಡಿ ಬಂದೆ.