ಇದ್ದಲಿ ಮೋಟಾರಿನಲ್ಲಿ ಒಂದು ಮೋಡದ ದಿನ

ಮೋಟಾರಿನ ಕಂಡಕ್ಟರ್ ಆದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವೇ ದಾರಿಯಲ್ಲಿ ಕೈ ಮಾಡಿ ನಿಲ್ಲಿಸಿ ಹತ್ತುತ್ತವೆ.

ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ನಮ್ಮ ಮೋಟಾರಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಬಾಯ್ಲರ್ ಕಟ್ಟಿದ್ದರು. ಅದರಲ್ಲಿ ಇದ್ದಲಿ ತುಂಬಿ, ಬೆಂಕಿ ಹಚ್ಚಿ, ಗಾಳಿ ಹಾಕುವ ಚಕ್ರವನ್ನು ರಟ್ಟೆ ಸೋಲುವ ತನಕ ತಿರುವಿದರೆ ಗ್ಯಾಸು ಹುಟ್ಟಿ ಎಂಜಿನ್ ಕೆಮ್ಮುತ್ತಿತ್ತು. ಬೆಳಿಗ್ಗೆ ಹಿರೇಕೆರೂರು ಬಿಟ್ಟು ಹಾನಗಲ್, ಶಿಗ್ಗಾಂವಿ, ಸವಣೂರು. ಸಂಜೆಗೆ ಅದೇ ದಾರಿಯಲ್ಲಿ ವಾಪಸು. ಸಿಬ್ಬಂದಿ ಎಂದರೆ ಡ್ರೈವರ್ ಮತ್ತು ನಾನು.

ಪುಷ್ಯ ಮಾಸದ ಆ ದಿನ ಸೂರ್ಯ ಕಾಣಿಸಲೇ ಇಲ್ಲ. ಮೇಲೆ ಮೋಡ, ಕೆಳಗೆ ಮಂಜು, ನಡುವೆ ಕೊರೆಯುವ ಗಾಳಿ. "ಇಂಥಾ ದಿನ ಹೊರಗ ಬರೋರು ಹೆಣಾ ಹೊರೋರು, ಇಲ್ಲಾ ನಾವು" ಎಂದು ಡ್ರೈವರ್ ಬೆಳಿಗ್ಗೆಯೇ ಗೊಣಗಿದ.

೧. ಕಾಸಿಕೊಳ್ಳುವವರು

ಹಿರೇಕೆರೂರಿನಲ್ಲಿ ಬಾಯ್ಲರ್ ಹಚ್ಚಿದೆವು. ನೋಡನೋಡುತ್ತ ಸುತ್ತಲೂ ದೊಡ್ಡ ಗುಂಪು ಕೂಡಿತು. ಇವತ್ತು ಗಾಡಿ ತುಂಬಿತು ಎಂದುಕೊಂಡು ಹುರುಪಿನಿಂದ ಚಕ್ರ ತಿರುವಿದೆ. ಎಂಜಿನ್ ಚಾಲೂ ಆಯಿತು. ಹತ್ತಿದವರು ನಾಲ್ಕೇ ಮಂದಿ! ಉಳಿದವರು ಬಾಯ್ಲರಿಗೆ ಅಂಗೈ ಚಾಚಿ ನಿಂತೇ ಇದ್ದರು.

ಎಲ್ಲರಿಗಿಂತ ಮುಂದಿದ್ದ ಮುದುಕಿಯನ್ನು ಕೇಳಿದೆ, "ಆಯೀ, ನೀವು ಎಲ್ಲಿಗೆ ಹೋಗಬೇಕ್ರಿ?"

"ಎಲ್ಲಿಗೂ ಇಲ್ಲೋ ಯಪ್ಪಾ. ಚಳಿ ಕಾಸಾಕ ಬಂದೇನಿ."

"ಹಂಗಾದ್ರ ಬಾಜೂಕ ಸರೀರಿ, ಮೋಟಾರ್ ಬಿಡಬೇಕು."

ಆಕೆಗೆ ಸಿಟ್ಟು ಬಂತು. "ದಿನಾ ಒಂದ ತಾಸು ತಡಾ ಮಾಡ್ತೀರಿ. ಇವತ್ತ ಹೊತ್ತಿಗೆ ಸರಿಯಾಗಿ ಬಿಡಾಕ ನಿಮಗೇನ ಧಾಡಿ?"

೨. ಉಣ್ಣೆಯ ಶಾಸ್ತ್ರ

ಮುಂದಿನ ಹಳ್ಳಿಯಲ್ಲಿ ಒಬ್ಬ ಆಚಾರ್ಯರು ಹತ್ತಿದರು. ಹಾನಗಲ್ಲಿನಲ್ಲಿ ಯಾರದೋ ಮನೆಯ ಪೂಜೆ. ಮನೆಯಿಂದಲೇ ಮಡಿಯುಟ್ಟು ಹೊರಟಿದ್ದರು. ಸರಿಯಾಗಿ ಆರದ ಧೋತರ, ಬರಿಮೈ ಮೇಲೆ ತೆಳ್ಳನೆಯ ಒಂದು ಉಪರಣೆ. ಯಾರೂ ಮುಟ್ಟಬಾರದೆಂದು ಕೂರುವ ಬಾಕು ಒಂದನ್ನು ಇಡಿಯಾಗಿ ಅವರಿಗೇ ಬಿಟ್ಟೆವು. ಕಿಟಕಿಗಳಿಗೆ ಗಾಜಿರಲಿಲ್ಲ. ಒಂದು ಮೈಲು ದಾಟುವುದರೊಳಗೆ ಅವರ ಹಲ್ಲು ಕಟಕಟ ಎನ್ನತೊಡಗಿದವು.

ಹಿಂದಿನ ಬಾಕಿನಲ್ಲಿ ಕುರಿ ಕಾಯುವ ಹಿರಿಯನೊಬ್ಬ ದೊಡ್ಡ ಕಂಬಳಿ ಹೊದ್ದು ಕೂತಿದ್ದ. "ಆಚಾರ್ರ, ಕಂಬಳಿ ಕೊಡ್ಲೇನ್ರಿ?" ಎಂದ.

ಆಚಾರ್ಯರು ಕಣ್ಣು ಮುಚ್ಚಿ ವಿಚಾರ ಮಾಡಿದರು. "ಶಾಸ್ತ್ರದೊಳಗ ಉಣ್ಣಿಗೆ ಮೈಲಿಗಿ ಇಲ್ಲ. ಕೊಡು."

ಈಗ ಹಿರಿಯನ ಹಲ್ಲು ಕಟಕಟ. ಅದು ಕೇಳಿಸದಿರಲೆಂದು ಆಚಾರ್ಯರು ಗಟ್ಟಿಯಾಗಿ ಎರಡು ಶ್ಲೋಕ ಹೇಳಿದರು. ಮೂರನೆಯದು ಬಾಯಿಗೆ ಬರಲಿಲ್ಲ. "ಕಂಬಳಿ ದೊಡ್ಡದದ. ಬಾ, ಈ ತುದಿ ನೀನೂ ಹೊದ್ಕೋ" ಎಂದರು.

"ಮಡಿ ಕೆಡತೈತಲ್ರಿ?"

"ಉಣ್ಣಿಗೆ ಮೈಲಿಗಿ ಇಲ್ಲ ಅಂದೆನಲ್ಲ!"

"ಹಂಗಾರ ಒಳಗಿರಾವಗೂ ಇಲ್ಲ ಬಿಡ್ರಿ" ಎಂದು ಅವನು ಪಕ್ಕಕ್ಕೆ ಬಂದು ಕೂತ. ಹಾನಗಲ್ ಬರುವವರೆಗೆ ಇಬ್ಬರೂ ಒಂದೇ ಕಂಬಳಿಯೊಳಗೆ ತಲೆಗೆ ತಲೆ ತಾಗಿಸಿ ಗೊರಕೆ ಹೊಡೆದರು.

ಇಳಿಯುವಾಗ ಆಸರೆಗೆಂದು ನಾನು ಕೈ ಚಾಚಿದೆ. ಆಚಾರ್ಯರು ಹೌಹಾರಿ ಹಿಂದೆ ಸರಿದರು. "ಏ, ಮುಟ್ಟಬ್ಯಾಡಪಾ, ಮಡಿಯೊಳಗಿದ್ದೇನಿ!"

೩. ಎಲೆಯ ನೆಗಡಿ

ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರದ ಸಾಹೇಬರೊಬ್ಬರು ಬುಟ್ಟಿಯೊಂದಿಗೆ ಹತ್ತಿದರು. ಗಾಳಿಗೆ ಎಲೆ ಬಾಡಬಾರದೆಂದು ತಮ್ಮ ಶಾಲನ್ನೂ ಕೋಟನ್ನೂ ಬುಟ್ಟಿಗೆ ಸುತ್ತಿ, ತಾವು ಬರೀ ಅಂಗಿಯಲ್ಲಿ ಕೂತು ಸೀನುತ್ತಿದ್ದರು.

"ಸಾಹೇಬ್ರ, ಶಾಲಾದ್ರೂ ಹೊದ್ಕೊಳ್ರಿ" ಎಂದೆ.

"ನನಗ ನೆಗಡಿ ಬಂದ್ರೂ ಎಲಿ ಮಾರತೇನಿ. ಎಲಿಗೆ ನೆಗಡಿ ಬಂದ್ರ ನನ್ನ ಯಾರ ತಗೋತಾರ್ರಿ?"

೪. ಅಣ್ಣ, ತಮ್ಮ ಮತ್ತು ಖಟ್ಲೆ

ತಿರುಗಿ ಬರುವಾಗ ಶಿಗ್ಗಾಂವಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಹತ್ತಿದರು. ಇವರದನ್ನು ಬೆಳಗಿನಿಂದಲೇ ಹೇಳಬೇಕು.

ಹಾನಗಲ್ಲಿನ ಒಂದೇ ಓಣಿಯವರು. ಶಿಗ್ಗಾಂವಿ ಸೀಮೆಯ ಹೊಲದಲ್ಲಿದ್ದ ಒಂದು ಹುಣಸೆ ಗಿಡಕ್ಕಾಗಿ ಒಂಬತ್ತು ವರ್ಷದಿಂದ ಖಟ್ಲೆ, ಒಂಬತ್ತು ವರ್ಷದಿಂದ ಓಣಿಯಲ್ಲಿ ಮಾತಿಲ್ಲ. ಆ ದಿನ ಶಿಗ್ಗಾಂವಿ ಕಚೇರಿಯಲ್ಲಿ ತಾರೀಖು. ಬೆಳಿಗ್ಗೆ ಹಾನಗಲ್ಲಿನಲ್ಲಿ ಹತ್ತಿದಾಗ, ಬಾಯ್ಲರಿಗೆ ತಾಗಿದ ಕಡೆಯ ಬಾಕು ಮಾತ್ರ ಬೆಚ್ಚಗಿತ್ತಾದ್ದರಿಂದ ಇಬ್ಬರೂ ಅಲ್ಲೇ ಕೂತರು. ಮಾತೆಲ್ಲ ನನ್ನ ಮುಖಾಂತರ.

"ಕಂಡಕ್ಟರ್ರ, ಅವಂಗ ಮೊಣಕೈ ತಗಿ ಅಂತ ಹೇಳ್ರಿ."

"ಮೊಣಕೈ ನಂದಂತ ಅವರಿಗೆ ಹೇಳ್ರಿ. ಬೇಕಾದ್ರ ಇದಕ್ಕೂ ಒಂದು ಖಟ್ಲೆ ಹಾಕ್ಲಿ."

ಏರಿನಲ್ಲಿ ಗ್ಯಾಸು ಸಾಲದೆ ಮೋಟಾರು ನಿಂತಿತು. ಎಲ್ಲರೂ ಇಳಿದು ನೂಕಿದೆವು. ಒದ್ದೆ ಹುಲ್ಲಿನ ಮೇಲೆ ಅಣ್ಣನ ಕಾಲು ಜಾರಿ ಮೊಣಕಾಲು ನೆಲಕ್ಕೆ ತಾಗಿತು. ತಮ್ಮ ತಟ್ಟನೆ ಅವನ ರಟ್ಟೆ ಹಿಡಿದು "ಹುಷಾರಣ್ಣಾ!" ಎಂದುಬಿಟ್ಟ. ನೂಕುತ್ತಿದ್ದವರೆಲ್ಲ ನೂಕುವುದನ್ನು ಮರೆತು ನೋಡಿದರು. ಅಣ್ಣ ಎದ್ದು ಧೋತರ ಝಾಡಿಸಿಕೊಂಡು ನನಗೆ ಹೇಳಿದ, "ಅವಂಗ ಹೇಳ್ರಿ, ಪೆಟ್ಟೇನ ಆಗಿಲ್ಲಂತ."

ಕಚೇರಿಯಲ್ಲಿ ಜಡ್ಜ್ ಸಾಹೇಬರಿಗೆ ಜ್ವರವಂತೆ. ಮುಂದಿನ ತಾರೀಖು ಕೊಟ್ಟು ಕಳಿಸಿದರು. ಸಂಜೆ ಹತ್ತುವಾಗ ತಮ್ಮನ ಉಡಿಯಲ್ಲಿ ಬಿಸಿ ಶೇಂಗಾ ಇತ್ತು. ಅವನು ಸುಲಿಯುವುದು, ಅಣ್ಣ ತಿನ್ನುವುದು. ಚಿಕ್ಕಂದಿನಲ್ಲಿ ಅದೇ ಹುಣಸೆ ಗಿಡದಿಂದ ಯಾರು ಯಾರನ್ನು ಕೆಡವಿದ್ದರು ಎಂದು ದಾರಿಯುದ್ದಕ್ಕೂ ನಗು. ನನ್ನ ಮುಖಾಂತರದ ಕೆಲಸ ತಪ್ಪಿತು.

ಡ್ರೈವರ್ ತಡೆಯಲಾರದೆ ಕೇಳಿದ, "ಇಷ್ಟ ಛಲೋ ಅದೀರಲ್ರಿ, ರಾಜಿ ಮಾಡ್ಕೊಂಡ ಬಿಡ್ರಲ್ಲ?"

ಇಬ್ಬರ ಮುಖವೂ ಸಪ್ಪಗಾಯಿತು. ತಮ್ಮ ಸುಲಿಯುವುದನ್ನು ನಿಲ್ಲಿಸಿದ. ಅಣ್ಣ ಬಾಯಲ್ಲಿದ್ದ ಶೇಂಗಾ ನುಂಗಿ ಹೇಳಿದ:

"ಇವನ ಜೋಡಿ ಕುಂತ ಮಾತಾಡಾಕ ನನಗಿರೋ ನೆವ ಇದೊಂದ ಖಟ್ಲೆ. ಅದನ್ನೂ ಬಿಡು ಅಂತೀರೇನ್ರಿ?"